ಬಚ್ಚಲ ಬಾಗಿಲಿನ ಚಿಲಕ: ವಿಕಲತೆಯಿರುವ ವಯಸ್ಕರ ಲೈಂಗಿಕ ಬದುಕಿಗೆ ಮನೆಯವರು ನೆರವಾಗುವ ಬಗೆ

ಬೌದ್ಧಿಕ ವಿಕಲತೆಯಿರುವ ಮಗನೋ ಮಗಳೋ ಇರುವ ಮನೆಗೆ ಹೋದಾಗ ನಾನು ಮೊದಲು ಗಮನಿಸುವುದು ಬಚ್ಚಲುಮನೆಯ ಬಾಗಿಲನ್ನು. ವಿಶೇಷ ಶಿಕ್ಷಕಿಯಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಭಾಗದ ಮನೆಗಳಿಗೆ ಹಲವು ವರ್ಷ ಓಡಾಡಿದ ನನಗೆ ಆ ಬಾಗಿಲು ಬಹಳಷ್ಟನ್ನು ಹೇಳಿಬಿಡುತ್ತದೆ. ಅನೇಕ ಕಡೆ ಒಳಚಿಲಕವನ್ನು ಕಿತ್ತಿರುತ್ತಾರೆ. ಹುಡುಗ ಎಂಟು ವರ್ಷದವನಿದ್ದಾಗ ಒಳಗೆ ಹೋಗಿ ಚಿಲಕ ಹಾಕಿಕೊಂಡು ತೆಗೆಯಲು ಬಾರದೆ ಅತ್ತಿದ್ದ, ಪಕ್ಕದಲ್ಲಿ ಹಂಡೆಯ ತುಂಬ ಕುದಿಯುವ ನೀರಿತ್ತು, ಅಪ್ಪಯ್ಯ ಅಂದೇ ಚಿಲಕ ಕಿತ್ತು ಹಾಕಿದರು. ಅಂದಿನ ಮಟ್ಟಿಗೆ ಅದು ಸರಿಯಾದ ಕೆಲಸವೇ. ಆದರೆ ಹುಡುಗನಿಗೆ ಈಗ ಇಪ್ಪತ್ತಾರು, ಮೀಸೆ ಬಂದಿದೆ, ಅಡಿಕೆ ಹೆಕ್ಕುತ್ತಾನೆ, ಕೊಟ್ಟಿಗೆ ಕೆಲಸ ಮಾಡುತ್ತಾನೆ; ಚಿಲಕ ಮಾತ್ರ ಮರಳಿ ಬಂದಿಲ್ಲ. ಮನೆಯವರೆಲ್ಲ ಅವನನ್ನು ಇನ್ನೂ ‘ಪಾಪು’ ಎಂದೇ ಕರೆಯುತ್ತಾರೆ.

ಈ ಬರಹ ಆ ಚಿಲಕವನ್ನು ಮರಳಿ ಹಾಕುವುದರಿಂದ ಆರಂಭವಾಗುತ್ತದೆ. ಹೊರಗಿನಿಂದ ನಾಣ್ಯವನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ತೆಗೆಯಬಹುದಾದ ಚಿಲಕಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಸಿಗದಿದ್ದರೆ, ಸಂದಿಯಿಂದ ತೆಳುವಾದ ಪಟ್ಟಿ ತೂರಿಸಿ ಎತ್ತಬಹುದಾದ ಸಾದಾ ಕೊಕ್ಕೆ ಸಾಕು. ಚಿಲಕ ಹಾಕಿ ತೆಗೆಯುವುದನ್ನು ನೀರು ಬಿಸಿಯಿಲ್ಲದ ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಹತ್ತಾರು ಬಾರಿ ಅಭ್ಯಾಸ ಮಾಡಿಸಿ. ಆಮೇಲೆ ಮನೆಯ ಎಲ್ಲರಿಗೂ ಅನ್ವಯಿಸುವ ನಿಯಮವೊಂದನ್ನು ಮಾಡಿ: ಮುಚ್ಚಿದ ಬಾಗಿಲನ್ನು ತಟ್ಟದೆ, ಒಳಗಿನಿಂದ ‘ಬಾ’ ಎಂಬ ಮಾತೋ ಸದ್ದೋ ಕೇಳದೆ ಯಾರೂ ಒಳಗೆ ಹೋಗಬಾರದು. ‘ಯಾರೂ’ ಎಂದರೆ ಅಮ್ಮನೂ ಸೇರಿ. ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಗೋಡೆ ಮಾಡಿನವರೆಗೆ ಹೋಗದೆ ಅರ್ಧಕ್ಕೇ ನಿಂತಿರುವುದರಿಂದ ಒಂದು ಕೋಣೆಯ ಕೆಮ್ಮು ಇನ್ನೊಂದಕ್ಕೆ ಕೇಳುತ್ತದೆ. ಅಂಥ ಮನೆಯಲ್ಲಿ ಏಕಾಂತವೆಂಬುದು ಎಲ್ಲರಿಗೂ ಅಭ್ಯಾಸವಿಲ್ಲದ ಪದಾರ್ಥ ಎಂಬುದನ್ನು ಬಲ್ಲೆ. ಹಾಗಿದ್ದರೂ ಪರದೆಯೊಂದನ್ನು ಕಟ್ಟಿ, ‘ಇದು ನಿನ್ನ ಜಾಗ’ ಎಂದು ಹೇಳಲು ಸಾಧ್ಯ. ಏಕಾಂತ ಎಂದರೇನೆಂದು ಅನುಭವಿಸದ ವ್ಯಕ್ತಿಗೆ ‘ಇದನ್ನೆಲ್ಲ ಎಲ್ಲರೆದುರು ಮಾಡಬಾರದು’ ಎಂಬ ಮಾತು ಅರ್ಥವಾಗುವ ಬಗೆಯೇ ಇಲ್ಲ.

ಜಗಲಿಯ ಮೇಲೆ ನಡೆದದ್ದು

ನನ್ನ ಬಳಿಗೆ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರು ಬರುವುದು ಒಂದೇ ಘಟನೆಯ ನಂತರ: ನೆಂಟರು ಕೂತಿದ್ದಾಗ ಮಗ ಜಗಲಿಯ ಮೇಲೆ ಪಂಚೆಯೊಳಗೆ ಕೈ ಹಾಕಿದ. ಹೊಡೆದಿರುತ್ತಾರೆ, ಬರೆ ಹಾಕುವ ಬೆದರಿಕೆ ಒಡ್ಡಿರುತ್ತಾರೆ, ದೇವಸ್ಥಾನದಲ್ಲಿ ನೂಲು ಕಟ್ಟಿಸಿರುತ್ತಾರೆ. ಹಸ್ತಮೈಥುನ ರೋಗವಲ್ಲ, ವಿಕಲತೆಯ ಲಕ್ಷಣವೂ ಅಲ್ಲ. ಅದರಿಂದ ಬುದ್ಧಿ ಕುಂದುವುದಿಲ್ಲ, ದೇಹ ಸೊರಗುವುದೂ ಇಲ್ಲ. ಬೌದ್ಧಿಕ ವಿಕಲತೆಯಿರುವವರ ದೇಹ ಹರೆಯಕ್ಕೆ ಬರುವುದು ಬಹುತೇಕ ಎಲ್ಲರ ವಯಸ್ಸಿನಲ್ಲೇ. ಅವರಿಗೆ ಕಲಿಯಲು ತಡವಾಗುವುದು ಯಾವುದನ್ನು ಎಲ್ಲಿ ಮಾಡಬೇಕೆಂಬ ವಿವೇಕ, ಮತ್ತು ಅದನ್ನು ಯಾರೂ ಕಲಿಸಿರುವುದಿಲ್ಲ.

ಕಲಿಸುವ ಮುನ್ನ ಮೈಯ ತೊಂದರೆಯಂಥ ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಮ್ಮ ಮಳೆಗಾಲದಲ್ಲಿ ಒಳಉಡುಪು ಒಣಗುವುದಿಲ್ಲ. ಅರೆಹಸಿ ಬಟ್ಟೆ ಹಾಕಿಕೊಂಡು ತೊಡೆಸಂದಿನಲ್ಲಿ ಹುಳುಕಡ್ಡಿ ಎದ್ದರೆ, ಮಾತು ಬಾರದ ಹುಡುಗ ಅಲ್ಲಿ ಕೈ ಹಾಕುತ್ತಲೇ ಇರುತ್ತಾನೆ. ‘ಕೆಟ್ಟ ಚಾಳಿ’ ಎಂದು ಕರೆತಂದ ಮಗನಿಗೆ ಬೇಕಾಗಿದ್ದದ್ದು ಚರ್ಮರೋಗದ ಮುಲಾಮು ಮತ್ತು ಒಲೆಯ ಮೇಲಿನ ತಂತಿಯಲ್ಲಿ ಒಣಗಿಸಿದ ಬಟ್ಟೆ ಮಾತ್ರವಾಗಿದ್ದ ಸಂದರ್ಭಗಳನ್ನು ನಾನು ಕಂಡಿದ್ದೇನೆ. ಮೂತ್ರದ ಸೋಂಕು, ಬಿಗಿಯಾದ ಮುಂದೊಗಲು, ಏನೂ ಕೆಲಸವಿಲ್ಲದೆ ದಿನವಿಡೀ ಕೂತಿರುವ ಬೇಸರ, ಇವೂ ಕಾರಣವಾಗುತ್ತವೆ.

ಇವು ಯಾವುದೂ ಅಲ್ಲವೆಂದಾದರೆ, ಗದರದೆ, ನಗದೆ, ನೆಂಟರ ಮುಖ ನೋಡದೆ, ಸಣ್ಣ ವಾಕ್ಯದಲ್ಲಿ ‘ಇಲ್ಲಿ ಅಲ್ಲ, ನಿನ್ನ ಕೋಣೆಯಲ್ಲಿ’ ಎಂದು ಹೇಳಿ ಅವನನ್ನು ಎಬ್ಬಿಸಿಕೊಂಡು ಕೋಣೆಯವರೆಗೆ ಹೋಗಿ, ಬಾಗಿಲು ಮುಚ್ಚಿ, ನೀವು ಹೊರಗುಳಿಯಿರಿ. ಪ್ರತಿ ಸಲವೂ ಅದೇ ಮಾತು, ಅದೇ ಕೋಣೆ. ಅಪ್ಪ ಒಂದು ಹೇಳಿ ಅಜ್ಜಿ ಇನ್ನೊಂದು ಹೇಳಿದರೆ ಕಲಿಕೆ ನಿಲ್ಲುತ್ತದೆ. ಮಾತಿಗಿಂತ ಚಿತ್ರ ಹಿಡಿಸುವವರಿಗೆ ಮುಚ್ಚಿದ ಬಾಗಿಲಿನ ಚಿತ್ರವೊಂದನ್ನು ರಟ್ಟಿನ ಮೇಲೆ ಬರೆದು ತೋರಿಸಿದರೆ ಬೇಗ ತಿಳಿಯುತ್ತದೆ. ಕೈ ತೊಳೆಯುವುದು, ಬಟ್ಟೆ ಬದಲಿಸುವುದು ಅದೇ ಪಾಠದ ಕೊನೆಯ ಭಾಗ. ಗಂಡು ಮಕ್ಕಳಿಗೆ ಇದನ್ನು ಅಪ್ಪನೋ ಚಿಕ್ಕಪ್ಪನೋ ಭಾವನೋ ಹೇಳಿಕೊಡುವುದು ಸಲೀಸು. ಹೆಣ್ಣುಮಕ್ಕಳೂ ತಮ್ಮ ದೇಹವನ್ನು ಹೀಗೆಯೇ ಅರಿಯುತ್ತಾರೆಂಬುದನ್ನು ತಾಯಂದಿರು ನನ್ನೆದುರು ಪಿಸುಮಾತಿನಲ್ಲಿ ಹೇಳಿ ಅತ್ತದ್ದುಂಟು. ಅವರಿಗೂ ಪಾಠ ಇದೇ, ಅಳಬೇಕಾದ ಕಾರಣವಿಲ್ಲ.

ಅಂಗಗಳಿಗೆ ಹೆಸರು ಹೇಳಿಕೊಡುವುದನ್ನು ಮರೆಯಬೇಡಿ. ಶಿಶ್ನ, ಯೋನಿ, ಮೊಲೆ ಎಂಬ ಮಾತುಗಳನ್ನು ಮೊಣಕಾಲು ಎಂದಷ್ಟೇ ಸಹಜವಾಗಿ ಹೇಳಲು ನಾಲಿಗೆ ತಡವರಿಸಿದರೆ, ಮನೆಯಲ್ಲಿ ಬಳಸುವ ಬೇರೆ ಮಾತನ್ನಾದರೂ ಗಟ್ಟಿಮಾಡಿ. ಆದರೆ ಅದು ಹೊರಗಿನವರಿಗೂ ಅರ್ಥವಾಗುವಂತಿರಲಿ. ‘ಅಲ್ಲಿ ನೋವು’ ಎಂದಷ್ಟೇ ಹೇಳಬಲ್ಲ ಮಗಳ ದೂರನ್ನು ವೈದ್ಯರಾಗಲಿ ಪೊಲೀಸರಾಗಲಿ ಎಷ್ಟರಮಟ್ಟಿಗೆ ಬರೆದುಕೊಳ್ಳಬಲ್ಲರು?

ಬೇಡ ಎನ್ನಲು ಕಲಿತವರು

ನಾವು ವಿಕಲಚೇತನ ಮಕ್ಕಳನ್ನು ಹೊಗಳುವುದು ‘ಹೇಳಿದ ಮಾತು ಕೇಳುತ್ತಾನೆ’ ಎಂಬ ಕಾರಣಕ್ಕೆ. ಊಟ, ಬಟ್ಟೆ, ಮಲಗುವ ಹೊತ್ತು ಎಲ್ಲವನ್ನೂ ಬೇರೆಯವರು ನಿಶ್ಚಯಿಸಿ, ಮೈ ತೊಳೆಸುವಾಗ ಕೈಯೆತ್ತು ಎಂದರೆ ಎತ್ತಬೇಕು ಎಂದು ಮೂವತ್ತು ವರ್ಷ ಪಳಗಿಸಿದ ಮೇಲೆ, ತೋಟಕ್ಕೆ ಬಂದ ಪರಿಚಿತನೊಬ್ಬ ‘ಬಾ ಇಲ್ಲಿ’ ಎಂದಾಗ ಆಕೆ ಬೇಡವೆನ್ನಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಲೈಂಗಿಕ ಸಮ್ಮತಿಯ ಪಾಠ ಹಾಸಿಗೆಯಲ್ಲಿ ಶುರುವಾಗುವುದಿಲ್ಲ, ಊಟದ ಎಲೆಯಲ್ಲಿ ಶುರುವಾಗುತ್ತದೆ. ದೋಸೆಯೋ ಕಡುಬೋ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮಾತಿಲ್ಲದವರಿಗೆ ಎರಡನ್ನೂ ತೋರಿಸಿ ಕಣ್ಣು ಎತ್ತ ಹೋಯಿತೆಂದು ನೋಡಿ. ಬೇಡವೆಂದಾಗ ಬಡಿಸಬೇಡಿ. ಸೋದರತ್ತೆ ಬಂದಾಗ ಕೆನ್ನೆ ಹಿಂಡಿಸಿಕೊಳ್ಳಲು ಮುಖ ತಿರುಗಿಸಿದರೆ ‘ನಾಚಿಕೆ’ ಎಂದು ನಗುವ ಬದಲು ‘ಅವಳಿಗೆ ಬೇಡವಂತೆ’ ಎಂದು ಅತ್ತೆಗೆ ಹೇಳಿ. ಸ್ನಾನ ಮಾಡಿಸುವವರು, ಪ್ಯಾಡ್ ಬದಲಿಸುವವರು ಮುಟ್ಟುವ ಮೊದಲು ಏನು ಮಾಡುತ್ತೇವೆಂದು ಹೇಳಿ ಒಂದು ಕ್ಷಣ ತಡೆಯಲಿ. ಇದರಿಂದ ದಿನಕ್ಕೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಇನ್ನೊಂದು ಮಗ್ಗುಲನ್ನೂ ಕಲಿಸಬೇಕು: ಇತರರು ಬೇಡವೆಂದರೆ ಅದೂ ಬೇಡವೇ. ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹುಡುಗಿಯನ್ನು ಅಪ್ಪಿಕೊಳ್ಳಲು ಹೋದ ಯುವಕನನ್ನು ಊರವರು ಹಿಡಿದು ಹೊಡೆದಾಗ, ಆ ಯುವಕನಿಗೆ ಚಿಕ್ಕಂದಿನಿಂದ ಬಂದವರನ್ನೆಲ್ಲ ಅಪ್ಪಿಕೋ ಎಂದು ಮನೆಯವರೇ ಕಲಿಸಿದ್ದರು. ಯಾರಿಗೆ ಅಪ್ಪುಗೆ, ಯಾರಿಗೆ ಕೈಕುಲುಕು, ಯಾರಿಗೆ ದೂರದಿಂದ ನಮಸ್ಕಾರ ಎಂಬುದನ್ನು ಅಂಗಳದಲ್ಲಿ ಮೂರು ಸುತ್ತು ರಂಗೋಲಿ ಎಳೆದು, ಒಳಸುತ್ತಿನಲ್ಲಿ ಮನೆಯವರ ಭಾವಚಿತ್ರ, ಹೊರಸುತ್ತಿನಲ್ಲಿ ಅಂಗಡಿಯವರು, ಬಸ್ಸಿನ ಕಂಡಕ್ಟರ್ ಎಂದು ಇಟ್ಟು ಆಡಿಸಿದ್ದೇನೆ. ಪುಸ್ತಕದಲ್ಲಿ ತೋರಿಸಿದ್ದಕ್ಕಿಂತ ಅದು ಚೆನ್ನಾಗಿ ನಿಲ್ಲುತ್ತದೆ. ಕೈಗೆ ಮೊಬೈಲು ಬಂದವರಿಗೆ ಮೈಯ ಫೋಟೋವನ್ನು ಯಾರಿಗೂ ಕಳುಹಿಸಬಾರದೆಂಬುದನ್ನೂ ಸೇರಿಸಿ. ಫೋಟೋ ಹೋಗಿ ಬೆದರಿಕೆ ಬಂದರೆ ಹಣ ಕೊಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

‘ಮೂರು ವರ್ಷದ ಮಗುವಿನ ಬುದ್ಧಿ’ ಎಂಬ ಮಾತನ್ನು ನಾವು ಕರುಣೆಯಿಂದ ಆಡುತ್ತೇವೆ. ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಹೇಳಿದ ವಯಸ್ಸು ದೇಹದ ವಯಸ್ಸೇ ಹೊರತು ಮಾನಸಿಕ ವಯಸ್ಸಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಾಗೆಂದು ವಯಸ್ಕರಿಗೆ ರಕ್ಷಣೆಯಿಲ್ಲವೆಂದಲ್ಲ: ನಡೆಯುತ್ತಿರುವುದರ ಸ್ವರೂಪ, ಪರಿಣಾಮ ತಿಳಿಯಲಾಗದ ಅಥವಾ ಸಮ್ಮತಿಯನ್ನು ವ್ಯಕ್ತಪಡಿಸಲಾಗದ ಮಹಿಳೆಯೊಡನೆ ನಡೆಸುವ ಕೂಡಾಟವನ್ನು ಕಾನೂನು ಅತ್ಯಾಚಾರವೆಂದೇ ಎಣಿಸುತ್ತದೆ. ಈ ಎರಡರ ನಡುವಿನ ಜಾಗದಲ್ಲಿ ತಿಳಿದು, ಬಯಸಿ, ಇಷ್ಟಪಟ್ಟ ಇಬ್ಬರು ವಯಸ್ಕರಿದ್ದಾರೆ, ಅವರಿಬ್ಬರೂ ಒಂದೇ ಲಿಂಗದವರಾಗಿದ್ದರೂ 2018ರ ನಂತರ ಅದು ಅಪರಾಧವಲ್ಲ. ತಿಳಿದಿದೆಯೇ ಎಂದು ಅರಿಯಲು ನಾನು ಕೇಳುವ ಪ್ರಶ್ನೆಗಳು ಸರಳ: ಇದು ಏನು, ಇದರಿಂದ ಮಗು ಹೇಗೆ ಆಗುತ್ತದೆ, ನಿನಗೆ ಬೇಡವೆನಿಸಿದರೆ ಏನು ಹೇಳುವೆ, ಹೇಳಿದರೆ ಅವನು ನಿಲ್ಲಿಸುತ್ತಾನೆಯೇ? ನಾಲ್ಕನೆಯದಕ್ಕೆ ಬರುವ ಉತ್ತರವನ್ನು ನಾನು ಹೆಚ್ಚು ಗಮನವಿಟ್ಟು ಕೇಳುತ್ತೇನೆ.

ಮುಟ್ಟು, ಗರ್ಭಕೋಶ ಮತ್ತು ತಾಯಿಯ ಭಯ

ಮಗಳು ದೊಡ್ಡವಳಾದ ವರ್ಷವೇ ‘ಗರ್ಭಕೋಶ ತೆಗೆಸಿಬಿಡೋಣವೇ ಮೇಡಂ’ ಎಂದು ಕೇಳುವ ತಾಯಂದಿರನ್ನು ನಾನು ಕ್ರೂರಿಗಳೆನ್ನುವುದಿಲ್ಲ. ಮುಟ್ಟಾದವರು ಹೊರಗೆ ಕೂರುವ ಪದ್ಧತಿಯನ್ನು ಇಂದಿಗೂ ಪಾಲಿಸುವ ಮನೆಗಳು ಮಲೆನಾಡಿನಲ್ಲಿವೆ. ದೇವರ ಕೋಣೆ, ಅಡುಗೆಮನೆ ಎಂಬ ಗೆರೆ ತಿಳಿಯದ ಮಗಳು ಮನೆಯೆಲ್ಲ ಓಡಾಡಿದರೆ ಅಜ್ಜಿಯ ಗೊಣಗಾಟವನ್ನು ಕೇಳುವವಳು ತಾಯಿಯೇ. ಆದರೆ ಸಮಸ್ಯೆ ಇರುವುದು ಗೆರೆಯಲ್ಲಿಯೋ ಗರ್ಭಕೋಶದಲ್ಲಿಯೋ ಎಂದು ಮನೆಯವರು ಒಮ್ಮೆ ಯೋಚಿಸಬೇಕು. ಮಗಳಿಗಾಗಿ ಗೆರೆಯನ್ನು ಅಳಿಸಿದ ಮನೆಗಳೂ ಇವೆ, ಅಲ್ಲಿ ದೇವರು ಮುನಿದ ಸುದ್ದಿ ನನಗೆ ಬಂದಿಲ್ಲ.

1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಯುವತಿಯರ ಗರ್ಭಕೋಶವನ್ನು ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ತೆಗೆದದ್ದು ದೇಶದಾದ್ಯಂತ ವಿವಾದವಾಯಿತು. ಆಗಲೂ ಕೊಟ್ಟ ಕಾರಣ ಮುಟ್ಟಿನ ಶುಚಿತ್ವವೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 10ನೇ ಕಲಮಿನ ಪ್ರಕಾರ, ವ್ಯಕ್ತಿಯ ಮುಕ್ತ ಹಾಗೂ ತಿಳಿವಳಿಕೆಯ ಸಮ್ಮತಿಯಿಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಅದೇ ಕಾಯ್ದೆಯ 92ನೇ ಕಲಮು, ತೀವ್ರ ವಿಕಲತೆಯ ಸಂದರ್ಭದಲ್ಲಿ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಎರಡೂ ಇದ್ದ ಪ್ರಕರಣವನ್ನು ಬಿಟ್ಟರೆ, ಮಹಿಳೆಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವುದನ್ನು ಶಿಕ್ಷಾರ್ಹಗೊಳಿಸಿದೆ. ಸರ್ಕಾರಿ ಆಶ್ರಯದಲ್ಲಿದ್ದಾಗ ಅತ್ಯಾಚಾರದಿಂದ ಗರ್ಭಿಣಿಯಾದ ಚಂಡೀಗಢದ ಯುವತಿಯೊಬ್ಬಳು ಮಗು ಬೇಕೆಂದಾಗ, ಅವಳ ಮಾತಿಗೆ ಬೆಲೆಯಿದೆಯೆಂದು 2009ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿತ್ತು.

ಕಾನೂನಿಗಿಂತ ಹೆಚ್ಚಾಗಿ ನಾನು ತಾಯಂದಿರಿಗೆ ಹೇಳುವುದು ಬೇರೆ: ಗರ್ಭಕೋಶ ತೆಗೆಸಿದರೆ ಬಸಿರು ತಪ್ಪುತ್ತದೆ, ದೌರ್ಜನ್ಯ ತಪ್ಪುವುದಿಲ್ಲ, ಕೆಟ್ಟದು ನಡೆದ ಗುರುತೊಂದು ಇಲ್ಲವಾಗುತ್ತದೆ, ಮಾಡಿದವನಿಗೆ ಧೈರ್ಯ ಬರುತ್ತದೆ. ಪ್ಯಾಡ್ ಇಡುವುದನ್ನು ಮುಟ್ಟು ಆರಂಭವಾಗುವ ಮೊದಲೇ ಅಭ್ಯಾಸ ಮಾಡಿಸಿ. ಒಳಉಡುಪಿನ ಮೇಲೆ ಪ್ಯಾಡ್ ಕೂರುವ ಜಾಗವನ್ನು ಬಣ್ಣದ ದಾರದಿಂದ ಹೊಲಿದು ಗುರುತಿಸಿ, ಕೆಂಪು ನೀರು ಹಾಕಿ ತೋರಿಸಿ, ಹಳೆಯದನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಒಂದೇ ಡಬ್ಬಿಯನ್ನು ಗೊತ್ತುಮಾಡಿ. ಸ್ರಾವ ವಿಪರೀತವಾಗಿದ್ದರೆ, ನೋವಿದ್ದರೆ ಔಷಧಗಳಿವೆ. ಸ್ತ್ರೀರೋಗ ತಜ್ಞರನ್ನು ಕಾಣುವುದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ.

ಮರದಿಂದ ಬಿದ್ದ ಮೇಲೆ

ಮಲೆನಾಡಿನಲ್ಲಿ ದೈಹಿಕ ವಿಕಲತೆಗೆ ನಮ್ಮದೇ ಆದ ಕಾರಣವೊಂದಿದೆ. ಮಳೆಯಲ್ಲಿ ಔಷಧಿ ಹೊಡೆಯಲೋ, ಕೊಯ್ಲಿನಲ್ಲಿ ಕೊನೆ (ಅಡಿಕೆ ಗೊಂಚಲು) ತೆಗೆಯಲೋ ಅಡಿಕೆ ಮರ ಏರಿದವರು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳುತ್ತಾರೆ. ಮೂವತ್ತೈದರ ಕೊನೆಗಾರನಿಗೆ ಆಸ್ಪತ್ರೆಯಲ್ಲಿ ಮೂತ್ರದ ನಳಿಕೆ, ಬೆನ್ನಿನ ಹುಣ್ಣು, ಗಾಲಿಕುರ್ಚಿಗಳ ಬಗ್ಗೆ ಹೇಳಿಕೊಟ್ಟು ಕಳುಹಿಸುತ್ತಾರೆ. ಹೆಂಡತಿಯೊಡನೆ ಮಲಗಬಹುದೇ ಎಂಬುದನ್ನು ಅವನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮುಂದಿನ ಮಾತು ಅಂಥ ದಂಪತಿಗಳಿಗೆ ನೇರವಾಗಿ.

ಮಲಗಬಹುದು. ಪೆಟ್ಟು ಎಷ್ಟು ಮೇಲಿದೆ, ಪೂರ್ತಿಯೋ ಅರೆಯೋ ಎಂಬುದರ ಮೇಲೆ ಬದಲಾವಣೆಗಳು ನಿಂತಿವೆ. ಮುಟ್ಟಿದಾಗ ತಾನಾಗಿ ಬರುವ ನಿಮಿರುವಿಕೆಯನ್ನು ಬೆನ್ನುಹುರಿಯ ಕೊನೆಯ ತುದಿಯ ನರಗಳು ನಡೆಸುವುದರಿಂದ, ಪೆಟ್ಟು ಅದಕ್ಕಿಂತ ಮೇಲಾಗಿದ್ದವರಲ್ಲಿ ಅದು ಅನೇಕವೇಳೆ ಉಳಿದಿರುತ್ತದೆ. ಮನಸ್ಸಿನ ಬಯಕೆಯಿಂದ ಬರುವುದು ನಿಂತಿರಬಹುದು. ಸ್ಖಲನ ಅನೇಕರಲ್ಲಿ ಕಷ್ಟವಾಗುತ್ತದೆ, ಮಗು ಬೇಕೆನ್ನುವವರಿಗೆ ಅದಕ್ಕೂ ವೈದ್ಯಕೀಯ ದಾರಿಗಳಿವೆ. ಹೆಂಗಸರಲ್ಲಿ ಪೆಟ್ಟಾದ ಕೆಲವು ತಿಂಗಳು ಮುಟ್ಟು ನಿಂತು ಮತ್ತೆ ಆರಂಭವಾಗುತ್ತದೆ, ಬಸಿರಾಗುವ ಶಕ್ತಿ ಸಾಮಾನ್ಯವಾಗಿ ಉಳಿಯುತ್ತದೆ; ಆದ್ದರಿಂದ ‘ಇನ್ನೇನು ಆಗುತ್ತದೆ’ ಎಂದು ಗರ್ಭನಿರೋಧಕ ಬಿಡಬೇಡಿ.

ಕೂಡುವ ಮುನ್ನ ಮೂತ್ರಕೋಶವನ್ನು ಖಾಲಿ ಮಾಡಿಕೊಳ್ಳಿ, ಮಲವಿಸರ್ಜನೆಯ ಹೊತ್ತು ಮುಗಿದಿರಲಿ. ಸದಾ ನಳಿಕೆ ಇರುವವರು ಅದನ್ನು ತೆಗೆಯಲೇಬೇಕೆಂದಿಲ್ಲ: ಗಂಡಸರು ಮಡಚಿ ಅದರ ಮೇಲೆ ಕಾಂಡೋಮ್ ಹಾಕಿಕೊಳ್ಳಬಹುದು, ಹೆಂಗಸರು ತೊಡೆಗೋ ಹೊಟ್ಟೆಗೋ ಅಂಟುಪಟ್ಟಿಯಿಂದ ಹಚ್ಚಿಕೊಳ್ಳಬಹುದು, ಮೊದಲ ಸಲ ವೈದ್ಯರನ್ನೋ ನರ್ಸ್ ಅವರನ್ನೋ ಕೇಳಿಕೊಂಡು ಮಾಡಿ. ಕಾಲು ಸೆಟೆಯುವವರು ಬಿಸಿನೀರಿನ ಸ್ನಾನದ ನಂತರದ ಹೊತ್ತನ್ನು ಆರಿಸಿಕೊಂಡು ಮೊಣಕಾಲಿನ ಕೆಳಗೆ ದಿಂಬಿಟ್ಟುಕೊಳ್ಳಿ. ಸ್ಪರ್ಶ ತಿಳಿಯದ ಜಾಗದಲ್ಲಿ ಚರ್ಮ ಉಜ್ಜಿ ಹುಣ್ಣಾಗಿದೆಯೇ ಎಂದು ಆಮೇಲೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಒಣಗಿದಂತಿದ್ದರೆ ನೀರು ಆಧಾರಿತ ಜೆಲ್ ಬಳಸಿ. ನಮ್ಮ ಕೈ ಸಹಜವಾಗಿ ಹೋಗುವುದು ಕೊಬ್ಬರಿ ಎಣ್ಣೆಯ ಬಾಟಲಿಗೆ, ಆದರೆ ಎಣ್ಣೆ ತಾಗಿದರೆ ರಬ್ಬರಿನ ಕಾಂಡೋಮ್ ಹರಿಯುತ್ತದೆ. ಸಂವೇದನೆ ಉಳಿದಿರುವ ಕುತ್ತಿಗೆ, ಕಿವಿ, ತೋಳಿನ ಒಳಭಾಗಗಳಲ್ಲಿ ಹೊಸ ಸುಖ ಕಂಡುಕೊಂಡವರು ಬಹಳ ಮಂದಿ. ಅವಸರ ಬಿಟ್ಟವರಿಗೆ ಅದು ಸಿಗುತ್ತದೆ.

ಒಂದು ಅಪಾಯವನ್ನು ಮಾತ್ರ ಚೆನ್ನಾಗಿ ನೆನಪಿಡಿ. ಎದೆಯ ಭಾಗದ ಆರನೆಯ ಕಶೇರುವಿನ (ಬೆನ್ನೆಲುಬಿನ ಮಣಿಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದವರಿಗೆ ಉದ್ರೇಕದ ಹೊತ್ತಿನಲ್ಲಿ ಒಮ್ಮೆಲೇ ತಲೆ ಸಿಡಿಯುವಂಥ ನೋವು ಬಂದು, ಮುಖ ಕೆಂಪಾಗಿ, ಬೆವರು ಕಿತ್ತುಕೊಂಡರೆ ಅದು ರಕ್ತದೊತ್ತಡ ವಿಪರೀತ ಏರಿದ ಸೂಚನೆ. ಕೂಡಲೇ ನಿಲ್ಲಿಸಿ, ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ನಳಿಕೆ ಮಡಚಿಕೊಂಡಿದ್ದರೆ ಸರಿಮಾಡಿ. ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಘಟ್ಟದ ದಾರಿ ದೂರ, ತಡಮಾಡಬೇಡಿ. ನಿಮಿರುವಿಕೆಯ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ನೀವಾಗಿಯೇ ತಂದು ನುಂಗಬೇಡಿ, ಹೃದಯಕ್ಕೆ ಕೊಡುವ ನೈಟ್ರೇಟ್ ಔಷಧದ ಜೊತೆ ಅವು ಪ್ರಾಣಕ್ಕೇ ಎರವಾಗಬಹುದು.

ಗಂಡನ ಮೂತ್ರದ ಚೀಲ ಬದಲಿಸುವ ಕೈಗಳೇ ರಾತ್ರಿ ಹೆಂಡತಿಯ ಕೈಗಳಾಗುವುದು ಕಷ್ಟವೆಂದು ಒಬ್ಬಾಕೆ ನನಗೆ ಹೇಳಿದ್ದಳು. ಆರೈಕೆಯ ಕೆಲಸವನ್ನು ಸಾಧ್ಯವಾದಷ್ಟು ತಮ್ಮನೋ ಮಗನೋ ವಹಿಸಿಕೊಂಡರೆ ಅವಳಿಗೆ ಹೆಂಡತಿಯಾಗಿರಲು ಜಾಗ ಸಿಗುತ್ತದೆ. ಗಾಲಿಕುರ್ಚಿ ಹಾಯಲೆಂದು ಮಂಚವನ್ನು ಜಗಲಿಗೆ ತಂದುಹಾಕುವ ಮನೆಯವರು, ಆ ಮಂಚದಲ್ಲಿ ಒಂದು ದಾಂಪತ್ಯವೂ ಇತ್ತೆಂಬುದನ್ನು ಮರೆತಿರುತ್ತಾರೆ. ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿ, ಮಂಚವನ್ನು ಕೋಣೆಗೇ ಹಾಕಿ.

ಗರ್ಭನಿರೋಧಕ ಮತ್ತು ಮದುವೆ

ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪಿನ್, ಫೀನೋಬಾರ್ಬಿಟಾಲ್ ತೆಗೆದುಕೊಳ್ಳುವ ಮಹಿಳೆಯರಲ್ಲಿ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗುತ್ತದೆ. ವಾಲ್ಪ್ರೊಯೇಟ್ ತೆಗೆದುಕೊಳ್ಳುವವರು ಬಸಿರಾದರೆ ಮಗುವಿಗೆ ಹಾನಿಯಾಗುವ ಸಂಭವವಿರುವುದರಿಂದ ಮೊದಲೇ ವೈದ್ಯರೊಡನೆ ಮಾತಾಡಬೇಕು. ಹೆಚ್ಚು ಹೊತ್ತು ಕೂತೇ ಇರುವವರಿಗೆ ಈಸ್ಟ್ರೋಜೆನ್ ಇರುವ ಗುಳಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ತರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ, ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು ದಿನವೂ ನೆನಪಿಡಲಾಗದವರಿಗೆ ಅನುಕೂಲ, ಆದರೆ ಅದು ಮೂಳೆಯನ್ನು ತುಸು ತೆಳುವಾಗಿಸುತ್ತದೆ, ನಡೆಯಲಾಗದವರ ಮೂಳೆ ಮೊದಲೇ ತೆಳುವಾಗಿರುತ್ತದೆ. ಕಾಪರ್-ಟಿ ಇನ್ನೊಂದು ಆಯ್ಕೆ. ಇವೆಲ್ಲವನ್ನೂ ವೈದ್ಯರು ಆಕೆಗೇ ಹೇಳಬೇಕು, ನೀವು ಪಕ್ಕದಲ್ಲಿ ಕೂತು ಸರಳ ಮಾತಿಗೆ ಇಳಿಸಿಕೊಡಿ. ಆಕೆಯ ಪರವಾಗಿ ಉತ್ತರ ಕೊಡಬೇಡಿ.

‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತಿನಿಂದ ಹಾಳಾದ ಬದುಕುಗಳು ಎರಡೂ ಕಡೆ ಇವೆ. ಮದುವೆ ಚಿಕಿತ್ಸೆಯಲ್ಲ. ಹಾಗೆಯೇ ‘ಇವನಿಗೆಲ್ಲ ಮದುವೆಯೇ’ ಎಂಬ ಮಾತೂ ತಪ್ಪು. 1955ರ ಹಿಂದೂ ವಿವಾಹ ಕಾಯ್ದೆ ತಡೆಯುವುದು ಸಮ್ಮತಿ ಕೊಡಲಾಗದ ಸ್ಥಿತಿಯನ್ನು ಮತ್ತು ಸಂಸಾರಕ್ಕೆ ಒಗ್ಗದಷ್ಟು ತೀವ್ರವಾದ ಮಾನಸಿಕ ಅಸ್ವಸ್ಥತೆಯನ್ನೇ ಹೊರತು ವಿಕಲತೆಯ ಪ್ರಮಾಣಪತ್ರವನ್ನಲ್ಲ. ಸಂಬಂಧ ನೋಡುವಾಗ ಎದುರಿನವರಿಂದ ವಿಷಯ ಮುಚ್ಚಿಡಬೇಡಿ; ಮುಚ್ಚಿಟ್ಟದ್ದು ಮದುವೆಯನ್ನು ರದ್ದುಗೊಳಿಸಲು ಕಾರಣವಾಗಬಲ್ಲದು. ಹುಡುಗ ಹುಡುಗಿಯರನ್ನು ನಾಲ್ಕಾರು ಬಾರಿ ಭೇಟಿ ಮಾಡಿಸಿ, ಹಣ, ಅಡುಗೆ, ಮಕ್ಕಳು, ಹಾಸಿಗೆ ಎಲ್ಲದರ ಬಗ್ಗೆ ಬೇರೆಬೇರೆಯಾಗಿ ಮಾತಾಡಿಸಿ. ವಿಕಲಚೇತನರನ್ನು ವರಿಸುವವರಿಗೆ ರಾಜ್ಯ ಸರ್ಕಾರದ ವಿವಾಹ ಪ್ರೋತ್ಸಾಹಧನವಿದೆ, ವಿವರಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ಹಣದ ಆಸೆಗೇ ಬಂದ ಸಂಬಂಧವನ್ನು ಗುರುತಿಸಲು ಪಂಚಾಯಿತಿಯ ನೆರವು ಬೇಕಿಲ್ಲ, ಎರಡು ಭೇಟಿ ಸಾಕು.

ಕೆಟ್ಟದು ನಡೆದಿದೆಯೆಂದು ಅನಿಸಿದಾಗ

ಕೊಯ್ಲಿನ ತಿಂಗಳುಗಳಲ್ಲಿ ಎಚ್ಚರ ಹೆಚ್ಚಿರಲಿ. ಮನೆಯವರೆಲ್ಲ ತೋಟದಲ್ಲೋ ಅಡಿಕೆ ಸುಲಿಯುವ ಚಪ್ಪರದಲ್ಲೋ ಇರುತ್ತಾರೆ, ಮನೆಯಲ್ಲಿ ಉಳಿದವಳು ಆಕೆ ಒಬ್ಬಳೇ. ಆದರೆ ಹೊರಗಿನ ಕೂಲಿಯವರನ್ನಷ್ಟೇ ಸಂಶಯಿಸುವುದು ತಪ್ಪು ಲೆಕ್ಕ. ಇಂಥದ್ದನ್ನು ಮಾಡುವವರು ಹೆಚ್ಚಾಗಿ ಪರಿಚಿತರೇ, ಕೆಲವೊಮ್ಮೆ ಮನೆಯ ಒಳಗಿನವರೇ. ಒಬ್ಬರನ್ನು ಕಂಡರೆ ಅಡಗಿಕೊಳ್ಳುವುದು, ಬಟ್ಟೆ ಬಿಚ್ಚಲು ಇದ್ದಕ್ಕಿದ್ದಂತೆ ಒಪ್ಪದಿರುವುದು, ನಿದ್ದೆಗೆಡುವುದು, ಯಾರೂ ಕೊಡಿಸದ ಚಾಕೊಲೇಟ್ ಕೈಯಲ್ಲಿರುವುದು, ಇವನ್ನು ಗಮನಿಸಿ. ಗಂಡುಮಕ್ಕಳ ಮೇಲೂ ದೌರ್ಜನ್ಯ ನಡೆಯುತ್ತದೆ.

ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ, ಮತ್ತೆ ಮತ್ತೆ ಕೇಳಿ ಪಾಠ ಒಪ್ಪಿಸುವಂತೆ ಮಾಡಬೇಡಿ. ಸ್ನಾನ ಮಾಡಿಸುವ, ಬಟ್ಟೆ ಒಗೆಯುವ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಲ್ಲ, ಕಾಗದದಲ್ಲಿ ಸುತ್ತಿಡಿ. 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು, ಉಚಿತ ವಕೀಲರ ನೆರವಿಗೆ 15100 ಇದೆ. ವಿಕಲತೆಯಿರುವ ಮಹಿಳೆ ಠಾಣೆಗೆ ಹೋಗಬೇಕೆಂದಿಲ್ಲ: ಅವಳ ಮನೆಯಲ್ಲಿಯೋ ಅವಳು ಬಯಸಿದ ಸ್ಥಳದಲ್ಲಿಯೋ, ವಿಶೇಷ ಶಿಕ್ಷಕರು ಅಥವಾ ದುಭಾಷಿಯ ಸಮ್ಮುಖದಲ್ಲಿ ಪೊಲೀಸರು ದೂರು ಬರೆದುಕೊಂಡು ಅದನ್ನು ವಿಡಿಯೋ ಮಾಡಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇಂಥ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ‘ಇವಳ ಮಾತನ್ನು ಯಾರು ನಂಬುತ್ತಾರೆ’ ಎಂದು ಠಾಣೆಯ ಬಾಗಿಲಲ್ಲೇ ಯಾರಾದರೂ ಅಂದರೆ, ವಿಶೇಷ ಶಿಕ್ಷಕರನ್ನು ಕರೆಸಿ ಎಂದು ಬರವಣಿಗೆಯಲ್ಲಿ ಕೇಳಿ, ಅದರ ಸ್ವೀಕೃತಿ ಪಡೆಯಿರಿ.